ಮೈಕಿನ ಹಿಂದೆ ಗಿಳಿ

"ಇದನ್ನ ಬಿಡಿಸಿ ನೋಡೋಣ."

ಬಂದವನು ನಮಸ್ಕಾರ ಹೇಳಲಿಲ್ಲ, ಕುರ್ಚಿ ಎಳೆದುಕೊಳ್ಳಲಿಲ್ಲ. ಚೌಕವಾಗಿ ಮಡಿಸಿದ ಬಿಳಿ ಬೆಡ್‌ಶೀಟೊಂದನ್ನು ಅವಳ ಮೇಜಿನ ಮೇಲೆ ಒಗೆದು ನಿಂತ. ಬಟ್ಟೆ ಒಗೆಯುವವರ ಜಾಗಕ್ಕೇ ಬಂದು ಬಟ್ಟೆ ಒಗೆಯುವುದೆಂದರೆ ಸಾಮಾನ್ಯ ಧೈರ್ಯವೇ?

ಅವಳು ತಲೆಯೆತ್ತಿದಳು. ಮೊದಲು ಕಣ್ಣಿಗೆ ಬಿದ್ದದ್ದು ಮುಖವಲ್ಲ, ಕಾಲರು. ಬೆರಳಿನಿಂದ ತಟ್ಟಿದರೆ ಟಣ್ ಎನ್ನಬಹುದಾದ ಕಾಲರು. ಅದರ ಮೇಲೆ, ಸಿಟ್ಟಿನಿಂದ ಕೆಂಪಾಗಿದ್ದರೂ ಸಭ್ಯತೆ ಬಿಡದ ಒಂದು ಮುಖ. ಊರಿನ ದೊಡ್ಡ ಹೋಟೆಲಿನಲ್ಲಿ ಹಾಸಿಗೆ, ಹೊದಿಕೆ, ಟವೆಲುಗಳ ಉಸ್ತುವಾರಿ ನೋಡಿಕೊಳ್ಳುವವನು ಇವನೇ ಇರಬೇಕೆಂದು ಅವಳು ಊಹಿಸಿದಳು. ಲಾಂಡ್ರಿಗೆ ಬರುವ ಬಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ಹೋಟೆಲಿನದೇ.

'ಖಡಕ್ ಕಾಲರ್' ಎಂದು ಮನಸ್ಸಿನಲ್ಲೇ ಹೆಸರಿಟ್ಟು, ಅವಳು ಬೆಡ್‌ಶೀಟನ್ನು ಕೈಗೆತ್ತಿಕೊಂಡಳು. ಒಂದು ಮಡಿಕೆ ಬಿಡಿಸಿದಳು. ಇನ್ನೊಂದು ಬಿಡಿಸಿದಳು. ಮೂರನೆಯದಕ್ಕೆ ಶೀಟು ತಿರುಚಿಕೊಂಡಿತು. ಸರಿಮಾಡಲು ಜೋರಾಗಿ ಕೊಡವಿದಳು. ಅಷ್ಟೇ... ಇಡೀ ಶೀಟು ಮೇಲೆ ಹಾರಿ, ಅವಳ ತಲೆಯ ಮೇಲೆಯೇ ಬಂದು ಕೂತಿತು.

ಯಂತ್ರಗಳು ಇನ್ನೂ ಶುರುವಾಗಿರಲಿಲ್ಲ; ಇಸ್ತ್ರಿ ವಿಭಾಗದ ಕಡೆಯಿಂದ ಯಾರೋ ಕಿಸಕ್ ಎಂದದ್ದು ಸ್ಪಷ್ಟವಾಗಿ ಕೇಳಿತು.

ಅವನು ನಗಲಿಲ್ಲ. ಇನ್ನೊಂದು ತೋಳಿನ ಮೇಲಿದ್ದ ಹಳೆಯ ಶೀಟನ್ನು ತೆಗೆದ. ಅದು ಅವಳ ಅಪ್ಪನ ಕಾಲದ ಉದ್ದ ಮಡಿಕೆ. ಎರಡು ಮೂಲೆ ಹಿಡಿದು ಒಂದೇ ಸಲ ಝಾಡಿಸಿದ. ಶೀಟು ಗಾಳಿಯಲ್ಲಿ ಉಬ್ಬಿ, ಉಸಿರು ಬಿಟ್ಟ ಹಾಗೆ ಮೆಲ್ಲಗೆ ಇಳಿದು, ಮೇಜಿನ ಮೇಲೆ ಸುಕ್ಕಿಲ್ಲದೆ ಮಲಗಿತು.

"ನಮ್ಮ ಹುಡುಗೀರು ದಿನವಿಡೀ ಹಾಸಿಗೆ ಹಾಸ್ತಾರೆ ಮೇಡಂ. ಪ್ರತಿ ಹಾಸಿಗೆಗೂ ಹೀಗೆ ಕುಸ್ತಿ ಮಾಡಿದ್ರೆ ಸಂಜೆ ಹೊತ್ತಿಗೆ ತೋಳು ಎತ್ತೋಕಾಗಲ್ಲ. ನಿಮ್ಮ ಚೌಕ ನೋಡೋಕೆ ಚೆನ್ನಾಗಿದೆ. ಹಾಸೋಕಲ್ಲ."

"ಆ ಚೌಕದಿಂದ ವ್ಯಾನಿನಲ್ಲಿ ಒಂದೂವರೆ ಪಟ್ಟು ಬಟ್ಟೆ ಹಿಡಿಸ್ತಿದೆ ಸರ್. ನಿಮಗೆ ಬೆಳಿಗ್ಗೆನೇ ಶೀಟು ಸಿಗ್ತಿರೋದು ಅದಕ್ಕೇ."

ಉತ್ತರವಿಲ್ಲದವರೆಲ್ಲ ಆ ಲಾಂಡ್ರಿಯಲ್ಲಿ ಹೇಳುತ್ತಿದ್ದ ಮಾತನ್ನೇ ಅವನೂ ಹೇಳಿದ.

"ಯಜಮಾನರನ್ನ ಕರೀರಿ."

ಆ ಮಾತು ಅವಳಿಗೆ ಸೂಜಿಯ ಹಾಗೆ ಚುಚ್ಚಿತು. ಬಟ್ಟೆ ಮತ್ತು ಬಣ್ಣಗಳ ರಸಾಯನವನ್ನೇ ಓದಿ ಪದವಿ ತಂದವಳು. ಯಾವ ಕಲೆಗೆ ಯಾವ ಔಷಧ ಎಂದು ನಿದ್ದೆಯಲ್ಲೂ ಹೇಳಬಲ್ಲವಳು. ಆದರೂ ಬಂದವರೆಲ್ಲ ಅವಳ ಭುಜದಾಚೆ ಇಣುಕಿ, ಯಜಮಾನರೆಲ್ಲಿ ಎಂದೇ ಕೇಳುತ್ತಿದ್ದರು.

"ಅಪ್ಪ ಮನೇಲಿ ವಿಶ್ರಾಂತಿ ತಗೊಳ್ತಿದಾರೆ. ಆಫೀಸಿನ ನಂಬರಿಗೇ ಫೋನ್ ಮಾಡಿ, ಅಲ್ಲಿಂದ ಮನೆಗೆ ಲೈನ್ ಕೊಡ್ತೀವಿ," ಎಂದಳು ಬಿರುಸಾಗಿ.

ಅವನು ತಲೆದೂಗಿ ಹೊರಟ. ಎರಡು ಹೆಜ್ಜೆ ಹೋಗಿ ತಿರುಗಿದ. ಬೆಡ್‌ಶೀಟಿನ ಒಂದು ಮೂಲೆ ಇನ್ನೂ ಅವಳ ಕೂದಲ ಕ್ಲಿಪ್ಪಿಗೆ ಸಿಕ್ಕಿಕೊಂಡಿತ್ತು. ಬಿಡಿಸಲೆಂದು ಅವನ ಕೈ ಮುಂದೆ ಬಂದು... ಗಾಳಿಯಲ್ಲೇ ನಿಂತಿತು.

"ಕ್ಲಿಪ್ಪು..." ಎಂದಷ್ಟೇ ಹೇಳಿ, ಕಿವಿ ಕೆಂಪಗೆ ಮಾಡಿಕೊಂಡು ಹೊರಟೇಹೋದ.

ಅವಳು ಎಷ್ಟೋ ಹೊತ್ತು ಆ ಮೂಲೆಯನ್ನು ಹಿಡಿದುಕೊಂಡೇ ನಿಂತಿದ್ದಳು. ಅವನ ಮೇಲೆ ಕೋಪ ಬಂದಿತ್ತು. ಆದರೆ ಆ ಕೋಪದ ಬಣ್ಣ ಯಾಕೋ ಗಟ್ಟಿಯಾಗಿರಲಿಲ್ಲ, ಮೊದಲ ಒಗೆತಕ್ಕೇ ಬಿಡುವಂತಿತ್ತು.

ಲಾಂಡ್ರಿಯ ನಡುವೆ ಕಬ್ಬಿಣದ ಮೆಟ್ಟಿಲು; ಮೆಟ್ಟಿಲ ಮೇಲೆ ಗಾಜಿನ ಕೋಣೆ. ಕೆಳಗೆ ಯಂತ್ರಗಳ ಗುಡುಗು, ಹಬೆಯ ಬುಸುಗುಡುವಿಕೆ. ಎಲ್ಲ ಒಟ್ಟಿಗೆ ಓಡುವಾಗ ಪಕ್ಕದವರ ಕಿವಿಯಲ್ಲಿ ಕೂಗಿದರೂ ಕೇಳದು. ಅದಕ್ಕೇ ಅಪ್ಪ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತು ಲಾಂಡ್ರಿ ನಡೆಸುತ್ತಿದ್ದರು. ಮೊದಲು ಗಂಟಲು ಸರಿಮಾಡಿಕೊಳ್ಳುವ ಖೂಂ ಖೂಂ. ಆಮೇಲೆ, ಜಲ್ಲಿಕಲ್ಲಿನ ಮೇಲೆ ಗಾಡಿ ಹೋದ ಹಾಗೆ, "ಏನ್ರಪ್ಪಾ..." ಅಷ್ಟು ಕೇಳಿದರೆ ಸಾಕು, ನಿದ್ದೆಗಣ್ಣಿನ ಯಂತ್ರಗಳೂ ಎದ್ದು ಕೂರುತ್ತಿದ್ದವು.

ಅದೇ ಗಂಟಲಿನಲ್ಲಿ ಗಂಟು ಎದ್ದಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ತಿಂಗಳುಗಟ್ಟಲೆ ಒಂದು ಅಕ್ಷರವನ್ನೂ ಆಡಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಗಿರಾಕಿಗಳಿಗೆ ವಿಷಯ ತಿಳಿದರೆ ಒಬ್ಬೊಬ್ಬರಾಗಿ ಬೇರೆ ಲಾಂಡ್ರಿ ಹುಡುಕಿಕೊಳ್ಳುತ್ತಾರೆಂದು ಮನೆಯವರೆಲ್ಲ ಸೇರಿ ಅದನ್ನು ಕೆಲಸಗಾರರಿಗೂ ಹೇಳದೆ ಮುಚ್ಚಿಟ್ಟರು.

ಮಗಳು ಬಂದು ಅಪ್ಪನ ಕುರ್ಚಿಯಲ್ಲಿ ಕುಳಿತಳು. ಹೊಸ ಯಂತ್ರ ತರಿಸಿದಳು, ನೀರನ್ನು ಸೋಸಿ ಮತ್ತೆ ಬಳಸುವ ತೊಟ್ಟಿ ಕಟ್ಟಿಸಿದಳು, ದೊಡ್ಡ ಶೀಟುಗಳಿಗೆ ರೋಲರ್ ಇಸ್ತ್ರಿ ಹಾಕಿಸಿದಳು. ಎಲ್ಲ ಬಂತು, ಕೆಲಸಗಾರರ ನಂಬಿಕೆ ಮಾತ್ರ ಬರಲಿಲ್ಲ. ಅವಳು ಮೈಕಿನಲ್ಲಿ ಎಷ್ಟೇ ಹೇಳಿದರೂ ರೋಲರಿನ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಯಜಮಾನರು ಒಂದು ಮಾತು ಹೇಳಲಿ, ಆಮೇಲೆ ನೋಡೋಣ ಎಂದು ಇಸ್ತ್ರಿ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತುಬಿಟ್ಟಳು. ಇಸ್ತ್ರಿ ಅತ್ತೆಯೆಂದರೆ ಇಸ್ತ್ರಿ ವಿಭಾಗದ ಹಿರಿತಲೆ. ಇವಳನ್ನು ತೊಟ್ಟಿಲಲ್ಲಿ ತೂಗಿದವಳು.

ಆಗಲೇ ಅವಳು ಮಾಡಬಾರದ್ದನ್ನು ಮಾಡಿದ್ದು.

ಚಿಕ್ಕಂದಿನಿಂದಲೂ ಕೇಳಿದ ಧ್ವನಿಯನ್ನೆಲ್ಲ ಹಾಗೇ ತೆಗೆಯುತ್ತಿದ್ದವಳು ಅವಳು. ಕುಕ್ಕರಿನ ಸೀಟಿ ಹಾಕಿ ಅಮ್ಮನನ್ನು ಅಡುಗೆಮನೆಗೆ ಓಡಿಸುತ್ತಿದ್ದಳು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಧ್ವನಿಯಲ್ಲಿ ರಜೆ ಸಾರಿ ಅರ್ಧ ಕಾಲೇಜನ್ನೇ ಮನೆಗೆ ಕಳಿಸಿದ್ದಳು. ಅಪ್ಪ ಅವಳಿಗೆ ಇಟ್ಟ ಹೆಸರೇ ಗಿಳಿ. ಆ ದಿನ ಸಿಟ್ಟಿನ ಭರದಲ್ಲಿ ಗಾಜಿನ ಕೋಣೆಯ ಪರದೆ ಎಳೆದಳು. ಮೈಕು ಹತ್ತಿರ ತಂದುಕೊಂಡಳು. ಖೂಂ ಖೂಂ.

"ಏನ್ರಪ್ಪಾ... ರೋಲರ್ ಏನು ನೋಡೋಕೆ ಇಟ್ಟಿರೋದಾ?"

ಕೆಳಗೆ ಎಲ್ಲರೂ ಎದ್ದುಬಿದ್ದು ಓಡಿದರು. ರೋಲರ್ ತಿರುಗಿತು. ಅಪ್ಪ ಮನೆಯಿಂದ ಫೋನಿನಲ್ಲಿ ಮಾತಾಡುತ್ತಾರೆ, ಅದನ್ನೇ ಮೈಕಿಗೆ ಹಿಡಿಯುತ್ತೇನೆ ಎಂದು ಅವಳು ಆಮೇಲೆ ಕಥೆ ಕಟ್ಟಿದಳು. ಒಂದೇ ದಿನಕ್ಕೆ ಎಂದುಕೊಂಡದ್ದು ವಾರವಾಯಿತು, ವಾರ ತಿಂಗಳಾಯಿತು. ಗಿಳಿ ಹೊರಗೆ ಹಾರುವ ಬದಲು ತಾನೇ ಪಂಜರ ಕಟ್ಟಿಕೊಂಡಿತು.

ಖಡಕ್ ಕಾಲರಿನ ಫೋನು ಬಂದಾಗಲೂ ಅವಳಿಗೆ ಬೇರೆ ದಾರಿಯಿರಲಿಲ್ಲ.

ಮೊದಲ ಫೋನು ಪೂರ್ತಿ ದೂರೇ. ನಿಮ್ಮ ಮಗಳು ಬುದ್ಧಿವಂತೆ ಸರ್, ಆದರೆ ಜಗಳಗಂಟಿ ಎಂದ. ಅವಳು ಹಲ್ಲು ಕಚ್ಚಿಕೊಂಡು, ಅಪ್ಪನ ಗರಗರ ಧ್ವನಿಯಲ್ಲಿ ಹೌದಪ್ಪಾ, ಹೌದಪ್ಪಾ ಎಂದಳು. ಆದರೆ ಅವನು ಹಾಸಿಗೆ ಹಾಸುವ ಹುಡುಗಿಯರ ತೋಳು ನೋವಿನ ಬಗ್ಗೆ ಮಾತಾಡುತ್ತಿದ್ದಂತೆ ಅವಳ ಸಿಟ್ಟು ಇಳಿಯಿತು. ಇವನು ತನ್ನ ಅಧಿಕಾರಕ್ಕಾಗಿ ಬಂದು ಜಗಳವಾಡಿದವನಲ್ಲ. ಯೋಚಿಸಿ ಒಂದು ಉಪಾಯ ಹೇಳಿದಳು.

"ಹೊರಗೆ ಚೌಕಾನೇ ಇರಲಪ್ಪಾ. ಎರಡು ಮೂಲೆ ಮಾತ್ರ ಒಳಗೆ ಹಾಕದೆ, ಮೊಲದ ಕಿವಿ ಹಾಗೆ ಹೊರಗೆ ಬಿಡೋಣ. ಕಿವಿ ಹಿಡಿದು ಝಾಡಿಸಿದ್ರೆ ಬಿಚ್ಚಿಕೊಳ್ಳತ್ತೆ."

ಆ ಕಡೆ ಅವನು ಮೊದಲ ಬಾರಿಗೆ ನಕ್ಕ.

ಕಿವಿ ಮಡಿಕೆ ಹೋಟೆಲಿನಲ್ಲಿ ಗೆದ್ದಿತು. ಅಂದಿನಿಂದ ನಾಳೆಯ ಬಟ್ಟೆಯ ಲೆಕ್ಕ ಹೇಳಲೆಂದು ಅವನು ಪ್ರತಿ ಸಂಜೆ ಫೋನು ಮಾಡತೊಡಗಿದ. ಲೆಕ್ಕ ಒಂದೇ ನಿಮಿಷದಲ್ಲಿ ಮುಗಿಯುತ್ತಿತ್ತು. ಮಾತು ಮಾತ್ರ ಮುಗಿಯುತ್ತಿರಲಿಲ್ಲ. ಒಂದು ಸಂಜೆ ಅವನ ಧ್ವನಿ ತುಂಬಾ ಸೋತಿತ್ತು. ಅವಳು ಏನೂ ಯೋಚಿಸದೆ ಕೇಳಿಬಿಟ್ಟಳು.

"ಊಟ ಆಯ್ತೇನಪ್ಪಾ?"

ಫೋನು ಕಟ್ಟಾಯಿತೇನೋ ಎಂದು ಅವಳು ನೋಡಿದಳು. ಕಟ್ಟಾಗಿರಲಿಲ್ಲ.

"ಇಲ್ಲ ಸರ್... ಈಗ ಮಾಡ್ತೀನಿ. ಅಪ್ಪ ಹೋದಮೇಲೆ ಇದನ್ನ ಯಾರೂ ಕೇಳಿರ್ಲಿಲ್ಲ. ಅದಕ್ಕೇ ತಕ್ಷಣ ಹೇಳೋಕೆ ಬರಲಿಲ್ಲ."

ಅವನು ಓದುತ್ತಿದ್ದಾಗಲೇ ತಂದೆ ತೀರಿಕೊಂಡಿದ್ದರು. ಅಮ್ಮ ಅದಕ್ಕೂ ಮೊದಲೇ ಇರಲಿಲ್ಲ. ದಿನವೂ ಊರವರಿಗೆಲ್ಲ ಹಾಸಿಗೆ ಸಿದ್ಧಮಾಡಿಸುವವನು, ತಾನು ಮಾತ್ರ ಒಂದು ಬಾಡಿಗೆ ಕೋಣೆಯಲ್ಲಿ ಮಡಿಸದ ಹೊದಿಕೆಯ ಕೆಳಗೆ ಮಲಗುತ್ತಿದ್ದ. ಆ ಸಂಜೆಯಿಂದ ಪ್ರತಿ ಫೋನೂ ಅದೇ ಪ್ರಶ್ನೆಯಲ್ಲಿ ಮುಗಿಯತೊಡಗಿತು.

ತಮಾಷೆಯೆಂದರೆ, ಎದುರಿಗೆ ಬಂದಾಗ ಇಬ್ಬರೂ ಗಂಜಿ ಹಾಕಿದ ಬಟ್ಟೆಯಂತೆ ಸೆಟೆದುಕೊಳ್ಳುತ್ತಿದ್ದರು. ಯಾವುದೋ ಟವೆಲಿನ ವಿಷಯಕ್ಕೆ ಅವಳು ದನಿ ಏರಿಸಿದಳೆನ್ನಿ, ಅವನು ನಿಟ್ಟುಸಿರು ಬಿಟ್ಟು, "ನಿಮ್ಮ ತಂದೆಯವರನ್ನ ನೋಡಿ ಸ್ವಲ್ಪ ಕಲೀರಿ ಮೇಡಂ. ಎಷ್ಟು ಸಮಾಧಾನ, ಎಷ್ಟು ಅಂತಃಕರಣ," ಎನ್ನುತ್ತಿದ್ದ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಲೋಕದಲ್ಲಿ ಸವತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವರಿದ್ದಾರೆ. ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಟ್ಟವಳು ಇವಳೊಬ್ಬಳೇ ಇರಬೇಕು.

ಸಂಜೆ ಫೋನಿನಲ್ಲಿ ಮೆಲ್ಲಗೆ ಗಾಳ ಹಾಕುತ್ತಿದ್ದಳು. ನಮ್ಮ ಹುಡುಗಿ ಇವತ್ತೂ ಜಗಳ ಆಡಿದಳೇನಪ್ಪಾ?

"ಆಡಿದ್ರು ಸರ್," ಎಂದ ಒಂದು ದಿನ. "ಅವರು ಜಗಳ ಆಡದೆ ಇದ್ದ ದಿನ ನಂಗೇ ಏನೋ ಮರೆತು ಬಂದ ಹಾಗಿರತ್ತೆ."

ಅಪ್ಪನ ಧ್ವನಿ ಎಲ್ಲಿ ಒಡೆದುಹೋಗುತ್ತದೋ ಎಂಬ ಭಯಕ್ಕೆ ಎರಡು ಸಲ ಜಾಸ್ತಿಯೇ ಕೆಮ್ಮಿದಳು.

'ಹೇಳಿಬಿಡಬೇಕು...' ಎಂದು ಪ್ರತಿದಿನ ಅಂದುಕೊಳ್ಳುತ್ತಿದ್ದಳು. ಆದರೆ ಹೇಳಿದರೆ? ಅವನ ಸಂಜೆಯ ಆ ಒಂದು ಪ್ರಶ್ನೆಯನ್ನು ತಾನೇ ಕಿತ್ತುಕೊಂಡಂತೆ. ಹೇಳದಿದ್ದರೆ? ಅವನು ಬಿಚ್ಚಿಟ್ಟ ಮನಸ್ಸನ್ನು ದಿನವೂ ಕದ್ದು ನೋಡಿದಂತೆ. ಅವಳು ಓದಿದ ರಸಾಯನದಲ್ಲಿ ಈ ಕಲೆಗೆ ಔಷಧವಿರಲಿಲ್ಲ.

ಕೊನೆಗೆ ಒಂದು ಸಂಜೆ ಗಟ್ಟಿ ಮನಸ್ಸು ಮಾಡಿದಳು. ಇವತ್ತು ಹೇಳಲೇಬೇಕು.

ಫೋನು ಬಂತು. ಅವನ ಧ್ವನಿ ಅಂದು ಬೇರೆಯೇ ಇತ್ತು. ಉಸಿರು ಸ್ವಲ್ಪ ಏರಿತ್ತು, ನಡೆಯುತ್ತಾ ಮಾತಾಡುವವರ ಹಾಗೆ.

"ಸರ್, ಇವತ್ತು ಬಟ್ಟೆ ಲೆಕ್ಕ ಅಲ್ಲ. ಬೇರೆ ವಿಷಯ. ನಿಮ್ಮ ಮಗಳನ್ನ ನಂಗೆ ಇಷ್ಟ ಆಗಿದೆ. ನನ್ನ ಮದುವೆ ಆಗ್ತೀರಾ ಅಂತ ಅವರನ್ನ ಕೇಳಬೇಕು ಅಂತಿದೀನಿ. ಮೊದಲು ನಿಮಗೆ ಹೇಳದೆ ಕೇಳೋಕೆ ಮನಸ್ಸು ಬರಲಿಲ್ಲ. ನೀವು ನಂಗೆ... ಅಪ್ಪನ ಹಾಗೆ."

ಸಂತೋಷಕ್ಕೂ ಸಂಕಟಕ್ಕೂ ಒಂದೇ ಬಾಗಿಲಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ನೋಡಪ್ಪಾ," ಎಂದಳು ಅಪ್ಪನ ಧ್ವನಿಯಲ್ಲೇ. "ಅದಕ್ಕೂ ಮೊದಲು ನಿನಗೊಂದು ವಿಷಯ ಹೇಳಬೇಕು..."

ಬಾಗಿಲು ತೆರೆಯಿತು.

ಅವನು ಕಿವಿಗೆ ಫೋನು ಹಿಡಿದೇ ಹೊಸ್ತಿಲಲ್ಲಿ ನಿಂತಿದ್ದ. ಯಜಮಾನರು ಹೂಂ ಎಂದ ತಕ್ಷಣ ಅವಳನ್ನೇ ಕೇಳೋಣವೆಂದು, ಫೋನಿನಲ್ಲಿ ಮಾತಾಡುತ್ತಲೇ ಮೆಟ್ಟಿಲು ಹತ್ತಿ ಬಂದಿದ್ದ. ಮನೆಯಲ್ಲಿರಬೇಕಾದ ಧ್ವನಿ ಒಂದು ಕಿವಿಯಲ್ಲಿ ಫೋನಿನಿಂದ, ಇನ್ನೊಂದು ಕಿವಿಯಲ್ಲಿ ಬಾಗಿಲ ಹಿಂದಿನಿಂದ, ಒಟ್ಟಿಗೇ ಕೇಳಿಬಂದಿತ್ತು.

ಒಗೆಯುವವರ ಮನೆಯಲ್ಲೇ ಬಣ್ಣ ಬಯಲಾಗಿತ್ತು.

"ಸರ್..." ಎಂದ ಅವನು, ಫೋನಿಗೆ. ಯಾರಿಗೆ ಹೇಳುತ್ತಿದ್ದೇನೆಂದು ಅವನಿಗೇ ತಿಳಿಯದಂತೆ.

ಅವಳು ರಿಸೀವರು ಕೆಳಗಿಟ್ಟಳು. ಎಷ್ಟೆಷ್ಟೋ ಧ್ವನಿ ತೆಗೆಯುತ್ತಿದ್ದ ಗಂಟಲಿನಿಂದ ಆ ಹೊತ್ತಿಗೆ ಅವಳದೇ ಧ್ವನಿ ನೆಟ್ಟಗೆ ಹೊರಡಲಿಲ್ಲ. ಅಪ್ಪನ ಶಸ್ತ್ರಚಿಕಿತ್ಸೆ, ಕೆಲಸಗಾರರು, ಹೆದರಿಕೆ ಎಂದು ತುಂಡು ತುಂಡಾಗಿ ಏನೇನೋ ಹೇಳಿದಳು. ಅವನು ಅಡ್ಡ ಮಾತಾಡದೆ ಕೇಳಿದ.

"ನಾನು ಮಾತಾಡ್ತಿದ್ದಾಗ ನೀವು ನಗ್ತಿದ್ರಾ?" ಎಂದ ಕೊನೆಗೆ.

"ಇಲ್ಲ... ಒಂದು ದಿನವೂ ಇಲ್ಲ."

"ಅಪ್ಪ ಹೋದಾಗ ಒಂದು ಸಲ ಕಳ್ಕೊಂಡಿದ್ದೆ. ಇವತ್ತು ಇನ್ನೊಂದು ಸಲ." ಅವನು ಫೋನನ್ನು ಜೇಬಿಗಿಟ್ಟ. "ಬಟ್ಟೆ ಬರ್ತಾ ಇರತ್ತೆ ಮೇಡಂ. ಕೆಲಸಕ್ಕೆ ಏನೂ ತೊಂದರೆ ಮಾಡಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಆ ಸಭ್ಯತೆಯೇ ಅವಳನ್ನು ಹಿಂಡಿ ಹಿಪ್ಪೆ ಮಾಡಿತು. ಅವನು ಕಬ್ಬಿಣದ ಮೆಟ್ಟಿಲಿಳಿದು ಹೋಗುವ ಸದ್ದನ್ನು ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಅವಳು ಯಂತ್ರಗಳನ್ನೆಲ್ಲ ನಿಲ್ಲಿಸಲು ಹೇಳಿದಳು. ಗಾಜಿನ ಕೋಣೆಯ ಪರದೆಯನ್ನು ಪೂರ್ತಿ ಸರಿಸಿದಳು. ಎಲ್ಲರಿಗೂ ಕಾಣುವಂತೆ ಮೈಕಿನ ಮುಂದೆ ನಿಂತು, ತನ್ನದೇ ಧ್ವನಿಯಲ್ಲಿ, ಇಷ್ಟು ದಿನ ಮಾತಾಡಿದ್ದು ಅಪ್ಪನಲ್ಲ, ತಾನು ಎಂದಳು. ಇನ್ನು ಮೇಲೆ ನನ್ನ ಮಾತು ಕೇಳಬೇಕೆನಿಸಿದರೆ ಕೇಳಿ, ಇಲ್ಲದಿದ್ದರೆ ಮುಖಕ್ಕೇ ಹೇಳಿ, ಆದರೆ ಆ ಧ್ವನಿಯ ಹಿಂದೆ ಅಡಗುವುದು ಇವತ್ತಿಗೆ ಮುಗಿಯಿತು ಎಂದಳು. ಕೊನೆಯ ಮಾತಿಗೆ ಧ್ವನಿ ಒಡೆಯಿತು. ಒಡೆದದ್ದೂ ಮೈಕಿನಲ್ಲಿ ಎಲ್ಲರಿಗೂ ಕೇಳಿತು.

ಕೆಳಗೆ ನಿಂತಿದ್ದ ಇಸ್ತ್ರಿ ಅತ್ತೆ ತಲೆಯೆತ್ತಿ ನೋಡಿದಳು.

"ಮುಗೀತಾ? ರೋಲರ್ ಹಾಕ್ಲಾ?"

"ಅತ್ತೆ, ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು ಕಣೇ ಗಿಳಿ. ನಮಗೆ ಗೊತ್ತಿದ್ದಿದ್ದೇ. ನಿಮ್ಮಪ್ಪ ಇಷ್ಟು ವರ್ಷದಲ್ಲಿ ಒಂದು ದಿನ ನಮಗೆ 'ದಯವಿಟ್ಟು' ಅಂದಿದ್ದಿಲ್ಲ. ನೀನು ಎರಡನೇ ದಿನಕ್ಕೇ ಅಂದೆ. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಜಲ್ಲಿ ಧ್ವನೀಲಿ 'ದಯವಿಟ್ಟು' ಅನ್ನೋ ಯಜಮಾನ್ರು ಎಲ್ಲಿ ಸಿಗ್ತಾರೆ? ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ. ಅಲ್ಲದೆ ಆ ರೋಲರ್ ಬಂದಮೇಲೆ ನನ್ನ ಸೊಂಟ ನೋವೂ ಕಡಿಮೆಯಾಯ್ತಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಕಣ್ಣು ಒರೆಸಿಕೊಳ್ಳುತ್ತಾ. ತಾನು ಗೆಲ್ಲಬೇಕೆಂದು ಒದ್ದಾಡಿದ ನಂಬಿಕೆ ಯಾವಾಗಲೋ ತನ್ನ ಕಾಲಬುಡದಲ್ಲೇ ಬಂದು ಕುಳಿತಿತ್ತು. ಅಪ್ಪನ ಧ್ವನಿ ಅಲ್ಲಿ ಬೇಕಾಗಿಯೇ ಇರಲಿಲ್ಲ. ಅದನ್ನು ನಂಬಿದವನು ಒಬ್ಬನೇ ಒಬ್ಬ. ಅವನೇ ಈಗ ದೂರವಾಗಿದ್ದ.

ಮನೆಯಲ್ಲೂ ಹೇಳಿದಳು. ಅಪ್ಪ ಮೊದಲು ಕಣ್ಣು ಕೆಕ್ಕರಿಸಿದರು. ಆಮೇಲೆ ಸದ್ದಿಲ್ಲದೆ, ಭುಜ ಕುಣಿಯುವಂತೆ ನಕ್ಕರು. ಅವನ ವಿಷಯ ಬಂದಾಗ ಮಾತ್ರ ನಗು ನಿಲ್ಲಿಸಿ, ಮಗಳ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತರು.

ವೈದ್ಯರು ಮಾತಾಡಬಹುದೆಂದ ದಿನ ಮನೆಯವರೆಲ್ಲ ಅಪ್ಪನ ಸುತ್ತ ಸೇರಿದರು. ಅಪ್ಪ ಬಾಯಿ ತೆರೆದರು. ಬಂದದ್ದು ಜಲ್ಲಿಯ ಗರಗರವಲ್ಲ. ತೆಳ್ಳಗಿನ, ಗಾಳಿ ಸೋರುವ ಪಿಸುದನಿ. ಇನ್ನು ಇದೇ ಅವರ ಧ್ವನಿ ಎಂದರು ವೈದ್ಯರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಹಳೆಯ ಧ್ವನಿ ಈ ಭೂಮಿಯ ಮೇಲೆ ಉಳಿದದ್ದು ಈಗ ಒಂದೇ ಕಡೆ, ಗಿಳಿಯ ಗಂಟಲಿನಲ್ಲಿ.

ಆ ಪಿಸುದನಿಯಲ್ಲೇ ಅಪ್ಪ ಮಾಡಿದ ಮೊದಲ ಕೆಲಸ, ಖಡಕ್ ಕಾಲರಿಗೆ ಫೋನು. ನಾನು ಲಾಂಡ್ರಿ ಯಜಮಾನ ಮಾತಾಡ್ತಿರೋದು ಎಂದರು. ಅವನು, ಈ ಸಲ ಧ್ವನಿ ಅಷ್ಟು ಚೆನ್ನಾಗಿ ಬಂದಿಲ್ಲ ಮೇಡಂ, ಎಂದು ಫೋನಿಟ್ಟುಬಿಟ್ಟ.

ಅಪ್ಪ ಫೋನನ್ನೇ ನೋಡುತ್ತಾ ಕುಳಿತರು. ಮಗಳ ಮಿಮಿಕ್ರಿ ಅಸಲಾಗಿ, ಅಸಲು ಅಪ್ಪನೇ ನಕಲಾಗಿದ್ದರು.

ಆಮೇಲಿನ ದಿನಗಳು ಒಣಗದ ಬಟ್ಟೆಯ ಹಾಗೆ ಭಾರವಾಗಿದ್ದವು. ಹೋಟೆಲಿನ ವ್ಯಾನು ಬರುತ್ತಿತ್ತು, ಹೋಗುತ್ತಿತ್ತು. ಲೆಕ್ಕ ಹೇಳಲು ಅವನ ಸಹಾಯಕ ಫೋನು ಮಾಡುತ್ತಿದ್ದ. ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು. ಮೈಕಿನಲ್ಲಿ ಅವಳು ತನ್ನ ಧ್ವನಿಯಲ್ಲೇ ಮಾತಾಡುತ್ತಿದ್ದಳು. ಸಂಜೆ ಅವನು ಫೋನು ಮಾಡುತ್ತಿದ್ದ ಹೊತ್ತಿಗೆ ಮಾತ್ರ ಅವಳ ಕೈ ತಾನಾಗಿಯೇ ರಿಸೀವರಿನ ಮೇಲೆ ಹೋಗಿ ಕೂರುತ್ತಿತ್ತು.

'ಊಟ ಮಾಡಿರ್ತಾನೋ ಇಲ್ವೋ...'

ಕ್ಷಮೆ ಕೇಳಲು ಎರಡು ಸಲ ಹೋಟೆಲಿನ ಬಾಗಿಲವರೆಗೂ ಹೋಗಿ ಬಂದಳು. ಒಳಗೆ ಹೋಗಲಿಲ್ಲ. ತನ್ನ ನೆಮ್ಮದಿಗಾಗಿ ಅವನ ಗಾಯವನ್ನು ಮತ್ತೆ ಕೆದಕುವುದು ಸರಿಯೇ ಎನಿಸಿತು.

ಒಂದು ಮಧ್ಯಾಹ್ನ, ಒಗೆಯುವ ಯಂತ್ರಗಳಿಗೆ ಬಿಡುವಿದ್ದ ಹೊತ್ತಿನಲ್ಲಿ, ಅವಳು ಕೆಳಗೆ ಮಡಿಸುವ ಮೇಜಿನ ಬಳಿ ನಿಂತಿದ್ದಾಗ, ಎದುರಿಗೆ ಒಂದು ಬಿಳಿ ಬೆಡ್‌ಶೀಟು ಬಂತು. ಈ ಸಲ ಒಗೆದದ್ದಲ್ಲ, ಮೆಲ್ಲಗೆ ಇಟ್ಟದ್ದು.

"ಇದನ್ನ ಮಡಿಸಿ ನೋಡೋಣ."

ಅವಳು ತಲೆಯೆತ್ತಿದಳು. ಕಾಲರು ಸುಕ್ಕಾಗಿತ್ತು. ಇಷ್ಟು ದಿನದಲ್ಲಿ ಮೊದಲ ಬಾರಿಗೆ.

"ಒಬ್ಬಳಿಗೇ ಬರಲ್ಲ," ಎಂದಳು ಸಣ್ಣಗೆ. "ದೊಡ್ಡ ಶೀಟಿಗೆ ಎರಡು ಜನ ಬೇಕು."

ಅವನು ಆ ತುದಿಯ ಎರಡು ಮೂಲೆ ಹಿಡಿದ. ಇವಳು ಈ ತುದಿ. ನಡುವೆ ಬಿಳಿ ಬಟ್ಟೆ ಒಂದು ಅಂಗಳದಷ್ಟು ಅಗಲವಾಗಿ ಹರಡಿತ್ತು.

"ನಿಮ್ಮ ತಂದೆಯವರು ನಿನ್ನೆ ಹೋಟೆಲಿಗೆ ಬಂದಿದ್ರು," ಎಂದ ಅವನು. "ಫೋನಿನಲ್ಲಿ ನಾನು ನಂಬದೆ ಇದ್ದಿದ್ದಕ್ಕೆ, ಅಷ್ಟು ದೂರ. ತುಂಬಾ ಕಷ್ಟಪಟ್ಟು ಮಾತಾಡಿದ್ರು."

ಅವಳ ಕೈ ನಿಂತಿತು. ಅಪ್ಪ ಈ ವಿಷಯ ಹೇಳಿಯೇ ಇರಲಿಲ್ಲ.

"ಏನಂದ್ರು?"

"ಲಾಂಡ್ರಿ ಶುರುಮಾಡಿದಾಗಿನಿಂದ ಫೋನಿನಲ್ಲಿ ಯಾರ ಜೊತೆಗೂ ಒಂದು ನಿಮಿಷಕ್ಕಿಂತ ಜಾಸ್ತಿ ಮಾತಾಡಿಲ್ಲವಂತೆ. ನಾನು ಕಷ್ಟ ಸುಖ ಹೇಳ್ಕೊಂಡಿದ್ರೆ ಮೊದಲನೇ ದಿನಾನೇ ಫೋನು ಇಟ್ಟುಬಿಡ್ತಿದ್ರಂತೆ." ಅವನು ಬಟ್ಟೆಯ ಮೂಲೆಗಳನ್ನು ಎಳೆದು ಬಿಗಿಮಾಡಿದ. "ಆಮೇಲಂದ್ರು... 'ಧ್ವನಿ ನನ್ನದಪ್ಪಾ, ಮಾತು ಅವಳದು. ನಿನಗೆ ಯಾವುದು ಬೇಕಾಗಿತ್ತು?' ಅಂತ."

ಇಬ್ಬರೂ ಶೀಟನ್ನು ಉದ್ದಕ್ಕೆ ಮಡಿಸಿದರು. ಅಗಲ ಅರ್ಧವಾಯಿತು.

"ರಾತ್ರಿಯೆಲ್ಲ ಯೋಚಿಸ್ದೆ. ಊಟ ಆಯ್ತಾ ಅಂತ ಕೇಳಿದ್ದು ಯಾರು? ನನ್ನ ಹುಡುಗೀರ ತೋಳು ನೋವು ಕೇಳಿ, ಮೊಲದ ಕಿವಿ ಕಂಡುಹಿಡಿದಿದ್ದು ಯಾರು? ನಾನು ಕಳ್ಕೊಂಡೆ ಅಂದ್ಕೊಂಡವರು ದಿನಾ ನನ್ನ ಜೊತೆ ಜಗಳ ಆಡ್ತಾ ಎದುರಿಗೇ ಇದ್ರು."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಮೂಲೆಗಳಿದ್ದವು.

"ನಾನು ಮೊದಲೇ ಹೇಳಬೇಕಿತ್ತು," ಎಂದಳು. "ಹೆದರಿಕೆ ಆಯ್ತು. ನನ್ನ ಧ್ವನೀಲಿ ಹೇಳಿದ್ರೆ ಯಾರೂ ಕೇಳಲ್ಲ ಅಂತ ಇಲ್ಲಿ ಅಭ್ಯಾಸ ಆಗಿಹೋಗಿತ್ತು. ನೀವೂ ಕೇಳಲ್ಲ ಅಂದ್ಕೊಂಡೆ. ತಪ್ಪು ನಂದೇ. ಕ್ಷಮಿಸಿ."

"ಮೊದಲನೇ ದಿನ ಯಜಮಾನರನ್ನ ಕರೀರಿ ಅಂದವನು ನಾನೇ ಅಲ್ವಾ? ಎದುರಿಗೆ ನಿಂತಿದ್ದ ಯಜಮಾನಿ ನನ್ನ ಕಣ್ಣಿಗೆ ಕಾಣಲಿಲ್ಲ. ನೀವೂ ಕ್ಷಮಿಸಿ."

ಇನ್ನು ಉಳಿದದ್ದು ಅಡ್ಡ ಮಡಿಕೆ. ಅದಕ್ಕೆ ಇಬ್ಬರೂ ಎದುರುಬದುರಾಗಿ ನಡೆದು ಬರಬೇಕು. ನಡೆದರು. ನಡುವೆ ಇದ್ದ ಅಂಗಳ ಸಣ್ಣದಾಗುತ್ತಾ ಬಂದು, ಮೂಲೆಗೆ ಮೂಲೆ ಕೂಡಿ, ಅವನ ಬೆರಳಿಗೆ ಅವಳ ಬೆರಳು ತಾಗಿತು. ಮೂಲೆಯನ್ನು ಬಿಡಬೇಕಾದದ್ದು ಯಾರು ಎಂದು ಇಬ್ಬರಿಗೂ ಮರೆತುಹೋಯಿತು.

ಇಸ್ತ್ರಿ ವಿಭಾಗದಲ್ಲಿ ರೋಲರ್ ಯಾವಾಗಲೋ ನಿಂತಿತ್ತು. ಎಲ್ಲರೂ ಬಟ್ಟೆ ನೋಡುವ ನೆಪದಲ್ಲಿ ಇತ್ತಲೇ ನೋಡುತ್ತಿದ್ದರು. ಇಸ್ತ್ರಿ ಅತ್ತೆ ನೆಪವನ್ನೂ ಇಟ್ಟುಕೊಂಡಿರಲಿಲ್ಲ.

"ಅವತ್ತು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆ," ಎಂದ ಅವನು. "ಉತ್ತರ ಬರಲೇ ಇಲ್ಲ."

"ಅಪ್ಪನ್ನ ಕೇಳಿದ್ದಲ್ವಾ ಅದು?"

"ಅವರ ಉತ್ತರ ನಿನ್ನೆ ಸಿಕ್ತು. ಈಗ ನಿಮ್ಮನ್ನ ಕೇಳ್ತಿದೀನಿ. ನಿಮ್ಮ ಧ್ವನೀಲೇ ಹೇಳಿ."

ಅವಳು ಬಾಯಿ ತೆರೆದಳು. ನಡುಗುವ, ಸ್ವಲ್ಪ ಒಡೆದ, ಯಾರ ನಕಲೂ ಅಲ್ಲದ ಧ್ವನಿ ಹೊರಬಂತು.

"ಹೂಂ."

ಇಷ್ಟು ಚಿಕ್ಕ ಮಾತನ್ನು ಅವಳು ಬದುಕಿನಲ್ಲಿ ಎಂದೂ ಇಷ್ಟು ಕಷ್ಟಪಟ್ಟು ಆಡಿರಲಿಲ್ಲ.

ಅವನು ಶೀಟಿನ ಎರಡು ಕಿವಿಗಳನ್ನು ಜೋಪಾನವಾಗಿ ಹೊರಗೆಳೆದು, ಮಡಿಕೆಯನ್ನು ಮೇಜಿನ ಮೇಲಿಟ್ಟ. ಸ್ವಲ್ಪ ಹೊತ್ತು ಏನನ್ನೋ ಕೇಳಲು ನಾಚುತ್ತಾ ನಿಂತ.

"ಒಂದೇ ಒಂದು ಆಸೆ. ಆ ಧ್ವನಿ... ಎಂದಾದರೂ, ತುಂಬಾ ನೆನಪಾದಾಗ, ಒಂದು ಸಲ..."

ಅವಳಿಗೆ ಅರ್ಥವಾಯಿತು. ಗಂಟಲು ಸರಿಮಾಡಿಕೊಂಡಳು. ಖೂಂ ಖೂಂ ಎನ್ನಲು ಹೋಗಿ, ಅವನ ಮುಖ ನೋಡಿ, ನಿಲ್ಲಿಸಿದಳು. ಕಾಲರಿನ ಸುಕ್ಕನ್ನು ಬೆರಳಿನಿಂದ ಮೆಲ್ಲಗೆ ನೀವಿದಳು. ಕೇಳಿದ್ದು ತನ್ನದೇ ಧ್ವನಿಯಲ್ಲಿ.

"ಊಟ ಆಯ್ತಾ?"

ಅವನ ಕಣ್ಣಂಚು ಒದ್ದೆಯಾಯಿತು.

"ಇನ್ನೂ ಇಲ್ಲ," ಎಂದ. "ನೀವು ಕೇಳ್ಲಿ ಅಂತ ಕಾಯ್ತಿದ್ದೆ."